ಒಂದೇ ಗಾಡಿಯ ಎರಡು ಬುಶ್‌ಗಳು

(ಆಫ್‌ರೋಡ್ ಗಾಡಿ ಓಡಿಸುವವರ ಒಂದು ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಕೈಯಲ್ಲಿ ಹಿಡಿದು ತೋರಿಸಿದ್ದನ್ನು ಇಲ್ಲಿ ಬರೆದು ವಿವರಿಸಿದ್ದೇನೆ. ಉಳಿದದ್ದು ಹೆಚ್ಚುಕಡಿಮೆ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲೆ ಎರಡು ಬುಶ್ ಇಟ್ಟಿದ್ದೇನೆ. ಸಸ್ಪೆನ್ಷನ್‌ನ ಕೀಲುಗಳಲ್ಲಿ ಕೂರುವ, ಉಕ್ಕಿನ ಕೊಳವೆಗಳ ನಡುವೆ ರಬ್ಬರ್ ಇರುವ ತುಂಡುಗಳು ಇವು. ಮುಂದಿನ ಸಾಲಿನಲ್ಲಿ ಕೂತವರು ಕೈಗೆ ತಗೊಂಡು ನೋಡಿ, ಆಮೇಲೆ ಹಿಂದಕ್ಕೆ ದಾಟಿಸಿ. ಎರಡೂ ಒಂದೇ ಗಾಡಿಯವು, ನನ್ನದೇ ಗಾಡಿ. ಒಂದು ಬಲಗಡೆಯ ಲೋವರ್ ಆರ್ಮ್‌ನಲ್ಲಿ (ಚಕ್ರವನ್ನು ಚಾಸಿಗೆ, ಅಂದರೆ ಗಾಡಿಯ ಚೌಕಟ್ಟಿಗೆ, ಜೋಡಿಸುವ ಕೆಳಗಿನ ತೋಳು) ಇದ್ದದ್ದು, ಇನ್ನೊಂದು ಎಡಗಡೆಯದು. ಎರಡೂ ಗಾಡಿಯ ಜೊತೆಗೇ ಬಂದವು. ಒಂದೇ ವಯಸ್ಸು, ಓಡಿದ್ದೂ ಒಂದೇ ದಾರಿ.

ಬಲಗಡೆಯದನ್ನು ನೋಡಿ. ಅಂಚಿನಲ್ಲಿ ಕೂದಲೆಳೆಯಂಥ ಬಿರುಕುಗಳಿವೆ. ಅದು ಬಿಟ್ಟರೆ ರಬ್ಬರ್ ಇಡಿಯಾಗಿದೆ. ಒಳಗಿನ ಉಕ್ಕಿನ ಕೊಳವೆ ಸರಿಯಾಗಿ ನಡುವಲ್ಲೇ ನಿಂತಿದೆ. ಈಗ ಎಡಗಡೆಯದನ್ನು ತಗೊಳ್ಳಿ. ಒಳಗಿನ ಕೊಳವೆಯನ್ನು ಹೆಬ್ಬೆರಳಲ್ಲಿ ಒತ್ತಿದರೆ ಸಾಕು, ಅಲ್ಲಾಡುತ್ತದೆ. ಅದರ ಸುತ್ತ ಮುಕ್ಕಾಲು ಭಾಗ ರಬ್ಬರ್ ಹರಿದಿದೆ. ಹರಿದ ಸಂದಿಯಲ್ಲಿ ಕಪ್ಪು ಪುಡಿ ಕಾಣುತ್ತಿದೆ ಅಲ್ವಾ? ರಬ್ಬರ್ ರಬ್ಬರಿಗೇ ಉಜ್ಜಿ ಉಜ್ಜಿ ಉದುರಿದ ಪುಡಿ ಅದು.

ಇವನ್ನು ಬಿಚ್ಚಿದಾಗ ಗಾಡಿ 69,000 ಕಿಲೋಮೀಟರ್ ಓಡಿತ್ತು. 60,000ದವರೆಗೆ ಎರಡೂ ಚೆನ್ನಾಗೇ ಇದ್ದವು. ಆಗ ಎಡಗಡೆಯ ಬಾಲ್ ಜಾಯಿಂಟ್ (ಆರ್ಮ್‌ನ ಚಕ್ರದ ಕಡೆಯ ಕೀಲು) ಹೋಯಿತು. ಆರ್ಮ್ ಇಳಿಸಿ, ಜಾಯಿಂಟ್ ಬದಲಿಸಿ, ಮತ್ತೆ ಏರಿಸಿದೆ. ಚಾಸಿಗೆ ಜಾಕ್ ಕೊಟ್ಟಿದ್ದೆ. ಚಕ್ರ ಗಾಳಿಯಲ್ಲಿ ನೇತಾಡುತ್ತಿತ್ತು. ಹಾಗೇ ಬುಶ್‌ನ ಬೋಲ್ಟ್ ಬಿಗಿದೆ. ಬಿಗಿತ ಅಳೆಯುವ ಟಾರ್ಕ್ ರೆಂಚ್ ಹಿಡಿದು, ಮ್ಯಾನುವಲ್‌ನಲ್ಲಿ ಹೇಳಿದ ಅಳತೆಗೇ ಬಿಗಿದೆ. ಅಲ್ಲಿಂದ 9,000 ಕಿಲೋಮೀಟರಿಗೆ ಎಡಗಡೆಯ ಬುಶ್ ಈ ಸ್ಥಿತಿಗೆ ಬಂತು. ಬಲಗಡೆಯದನ್ನು ಯಾರೂ ಮುಟ್ಟಿರಲಿಲ್ಲ. ಅದು ಇನ್ನೂ ಎಷ್ಟೋ ದಿನ ಓಡುತ್ತಿತ್ತು.

ಬೋಲ್ಟ್ ಅದೇ, ಟಾರ್ಕ್ ಅದೇ. ಬಿಗಿಯುವಾಗ ಚಕ್ರ ಎಲ್ಲಿತ್ತು ಅನ್ನುವುದೊಂದೇ ವ್ಯತ್ಯಾಸ.

ಆಫ್‌ರೋಡ್ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಬಂಡೆ, ಗುಂಡಿ, ಏಟು. ಬುಶ್ ಹೋದರೆ "ಏಟು ಬಿದ್ದು ಹೋಯ್ತು" ಅಂತೇವೆ. ಮುಂದಿನ ಸಲ ಇನ್ನೂ ಗಟ್ಟಿ ಬುಶ್ ಹುಡುಕುತ್ತೇವೆ. ನಾನು ಬಿಚ್ಚಿ ನೋಡಿದ ಬುಶ್‌ಗಳಲ್ಲಿ ಏಟು ತಿಂದು ಸತ್ತವು ಕಡಿಮೆ. ತಿರುಚಿ ತಿರುಚಿ, ಕಾದು ಕಾದು ಸತ್ತವೇ ಜಾಸ್ತಿ. ಅವುಗಳಲ್ಲಿ ಎಷ್ಟೋ ನಮ್ಮ ಕೈಯಿಂದಲೇ ಕೆಟ್ಟವು. ಇವತ್ತು ಆ ವಿಷಯ ಮಾತಾಡೋಣ.

ತಿರುಗುವುದು ಯಾವುದು?

ಬುಶ್ ಅಂದರೆ ಹೊರಗೊಂದು ಉಕ್ಕಿನ ಕೊಳವೆ, ಒಳಗೊಂದು ಕೊಳವೆ, ನಡುವೆ ರಬ್ಬರ್. ಆ ರಬ್ಬರನ್ನು ಸುಮ್ನೆ ತುರುಕಿರುವುದಿಲ್ಲ. ಉಕ್ಕಿನ ಮೇಲ್ಮೈಯನ್ನು ಒರಟು ಮಾಡಿ, ಪ್ರೈಮರ್ ಬಳಿದು, ಅದರ ಮೇಲೆ ಅಂಟು ಬಳಿದು, ಅಚ್ಚಿನಲ್ಲಿ ಇಟ್ಟು, ಹಸಿ ರಬ್ಬರ್ ಒತ್ತಿ ಬೇಯಿಸುತ್ತಾರೆ. ಬೇಯುವಾಗಲೇ ರಬ್ಬರ್ ಲೋಹಕ್ಕೆ ಕಚ್ಚಿಕೊಳ್ಳುತ್ತದೆ.

ಹೊರಗಿನ ಕೊಳವೆಯನ್ನು ಆರ್ಮ್‌ನ ತೂತಿಗೆ ಪ್ರೆಸ್‌ನಲ್ಲಿ ಒತ್ತಿ ಕೂರಿಸುತ್ತಾರೆ. ಒಳಗಿನ ಕೊಳವೆ ಚಾಸಿಯ ಬ್ರಾಕೆಟ್‌ನ ಎರಡು ಕಿವಿಗಳ ನಡುವೆ ನಿಲ್ಲುತ್ತದೆ. ಬೋಲ್ಟ್ ಬಿಗಿದರೆ ಆ ಕಿವಿಗಳು ಕೊಳವೆಯನ್ನು ಅದುಮಿ ಹಿಡಿಯುತ್ತವೆ. ಎಷ್ಟೋ ಬುಶ್‌ಗಳಲ್ಲಿ ಕೊಳವೆಯ ತುದಿಗೆ ಸಣ್ಣ ಹಲ್ಲುಗಳೂ ಇರುತ್ತವೆ, ಕಚ್ಚಿ ಹಿಡಿಯಲಿ ಅಂತ.

ಇಲ್ಲೇ ಬಹಳ ಜನ ತಪ್ಪು ತಿಳಿಯುವುದು. ಬಾಗಿಲು ಕೀಲಿನ ಮೇಲೆ ತಿರುಗುವ ಹಾಗೆ ಆರ್ಮ್ ಬೋಲ್ಟ್‌ನ ಮೇಲೆ ತಿರುಗುತ್ತದೆ ಅಂದುಕೊಳ್ಳುತ್ತಾರೆ. ನಾನೂ ಬಹಳ ವರ್ಷ ಹಾಗೇ ಅಂದುಕೊಂಡಿದ್ದೆ. ಅಲ್ಲಿ ಯಾವುದೂ ಜಾರುವುದಿಲ್ಲ. ಒಳಗಿನ ಕೊಳವೆ ಚಾಸಿಯ ಜೊತೆ ಒಂದಾಗಿದೆ, ಹೊರಗಿನದು ಆರ್ಮ್‌ನ ಜೊತೆ ಒಂದಾಗಿದೆ. ಚಕ್ರ ಮೇಲೆ ಹೋದಾಗ ಒಂದು ಕಡೆಗೆ, ಕೆಳಗೆ ಬಂದಾಗ ಇನ್ನೊಂದು ಕಡೆಗೆ ನಡುವಿನ ರಬ್ಬರ್ ತಿರುಚಿಕೊಳ್ಳುತ್ತದೆ. ಒದ್ದೆ ಬಟ್ಟೆ ಹಿಂಡಿದ ಹಾಗೆ. ಜಾರುವ ಜಾಗವೇ ಇಲ್ಲ ಅಂದಮೇಲೆ ಕೆಸರು ನುಗ್ಗಿ ಸವೆಸುವುದೂ ಇಲ್ಲ. ಆಫ್‌ರೋಡ್ ಗಾಡಿಗೆ ಇದು ದೊಡ್ಡ ವರ. ಆದರೆ ತಿರುಚುವುದಕ್ಕೆ ರಬ್ಬರಿಗೆ ಒಂದು ಮಿತಿ ಇದೆ.

ತಿರುಚು ಶುರುವಾಗುವ ಜಾಗ ಯಾವುದು? ಬೋಲ್ಟ್ ಬಿಗಿದ ಕ್ಷಣದಲ್ಲಿ ಆರ್ಮ್ ಎಲ್ಲಿತ್ತೋ ಅದೇ. ಅದೇ ರಬ್ಬರಿಗೆ ಸೊನ್ನೆ. ಅಲ್ಲಿ ಮಾತ್ರ ಅದಕ್ಕೆ ನೆಮ್ಮದಿ.

ಒಂದು ಒರಟು ಲೆಕ್ಕ ಹಾಕೋಣ. ಆರ್ಮ್‌ನ ಉದ್ದ 400 ಮಿಲಿಮೀಟರ್ ಇರಲಿ. ಗಾಡಿ ನಿಂತ ಎತ್ತರದಿಂದ ಚಕ್ರ 100 ಮಿಲಿಮೀಟರ್ ಮೇಲಕ್ಕೂ 100 ಮಿಲಿಮೀಟರ್ ಕೆಳಕ್ಕೂ ಹೋಗಲಿ. ಒಂದೊಂದು ಕಡೆಗೆ ಸುಮಾರು 14 ಡಿಗ್ರಿ ಆಯಿತು. ಗಾಡಿ ನೆಲದ ಮೇಲೆ ನಿಂತಿರುವಾಗ ಬೋಲ್ಟ್ ಬಿಗಿದರೆ ರಬ್ಬರ್ ಎರಡೂ ಕಡೆಗೆ 14 ಡಿಗ್ರಿ ತಿರುಚುತ್ತದೆ. ಚಕ್ರ ನೇತಾಡುವಾಗ ಬಿಗಿದರೆ? ಗಾಡಿ ಕೆಳಗಿಳಿಸಿದ ಕೂಡಲೇ 14 ಡಿಗ್ರಿ ತಿರುಚಿಕೊಂಡು ಕೂತಿರುತ್ತದೆ. ಗಾಡಿ ಶೆಡ್ಡಿನಲ್ಲಿ ಸುಮ್ನೆ ನಿಂತಿರುವಾಗಲೂ, ರಾತ್ರಿಯಿಡೀ, ಹಾಗೇ. ಚಕ್ರ ಪೂರ್ತಿ ಮೇಲೆ ಹೋದಾಗ 28 ಡಿಗ್ರಿ ದಾಟುತ್ತದೆ.

ತಿರುಚು ಎರಡರಷ್ಟಾದರೆ ಬಾಳಿಕೆ ಅರ್ಧ ಆಗುತ್ತದೆ ಅಂದುಕೊಳ್ಳಬೇಡಿ. ರಬ್ಬರ್ ಹಾಗಲ್ಲ. ಸಹಜ ರಬ್ಬರಿನಲ್ಲಿ ಬಿರುಕು ಬೆಳೆಯುವ ವೇಗ ರಬ್ಬರನ್ನು ಹರಿದುಹಾಕುವ ಶಕ್ತಿಯ ಸುಮಾರು ಎರಡನೇ ಘಾತಕ್ಕೆ ತಕ್ಕಂತೆ ಏರುತ್ತದೆ. ಆ ಶಕ್ತಿಯೋ, ಎಳೆತದ ಎರಡನೇ ಘಾತಕ್ಕೆ ತಕ್ಕಂತೆ ಏರುತ್ತದೆ. ತಿರುಚಿದಷ್ಟೂ ರಬ್ಬರಿನಲ್ಲಿ ಎಳೆತ ಜಾಸ್ತಿ. ಎರಡನ್ನೂ ಸೇರಿಸಿ: ಎಳೆತ ಎರಡು ಪಟ್ಟಾದರೆ ಬಿರುಕು ಸುಮಾರು 16 ಪಟ್ಟು ಬೇಗ ಬೆಳೆಯುತ್ತದೆ. ನಿಜವಾದ ಬುಶ್‌ನಲ್ಲಿ ಈ ಅಂಕಿ ಹಿಂದೆ ಮುಂದೆ ಆಗುತ್ತದೆ, ಯಾಕೆಂದರೆ ಪ್ರತಿ ಗುಂಡಿಗೂ ಚಕ್ರ ತುದಿ ಮುಟ್ಟುವುದಿಲ್ಲ. ಆದರೂ ನನ್ನ ಎಡಗಡೆಯ ಬುಶ್ 9,000ಕ್ಕೆ ಯಾಕೆ ಹೋಯಿತು ಅಂತ ಅರ್ಥ ಮಾಡಿಕೊಳ್ಳಲು ಇಷ್ಟು ಸಾಕು.

ಹಾಗಾಗಿ ಬೋಲ್ಟ್ ಬಿಗಿಯುವ ಕ್ರಮ ಹೀಗೆ. ಗಾಡಿಗೆ ಜಾಕ್ ಕೊಡುವ ಮುಂಚೆ ಟೇಪ್ ತಗೊಂಡು ಹಬ್‌ನ ನಡುವಿನಿಂದ ಮೇಲಿನ ಫೆಂಡರ್ ಅಂಚಿಗೆ ಎಷ್ಟಿದೆ ಅಳೆದು ಬರೆದಿಡಿ. ಕೆಲಸ ಮುಗಿದ ಮೇಲೆ ಬೋಲ್ಟನ್ನು ಕೈಬಿಗಿ ಮಾತ್ರ ಮಾಡಿ. ಗಾಡಿ ಸ್ಟ್ಯಾಂಡಿನ ಮೇಲೆ ಭದ್ರವಾಗಿದೆಯಾ ನೋಡಿ. ಆಮೇಲೆ ಆರ್ಮ್‌ನ ಕೆಳಗೆ ಇನ್ನೊಂದು ಜಾಕ್ ಕೊಟ್ಟು, ಅದೇ ಅಳತೆ ಬರುವವರೆಗೆ ಎತ್ತಿ. ಆಗ ಬಿಗಿ ಮಾಡಿ. ಗಾಡಿಯನ್ನು ರ‍್ಯಾಂಪ್ ಮೇಲೆ ನಿಲ್ಲಿಸಿ, ಚಕ್ರದ ಮೇಲೆ ಭಾರ ಇಟ್ಟುಕೊಂಡೇ ಬಿಗಿದರೆ ಇನ್ನೂ ಒಳ್ಳೆಯದು. ಹತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ, ಅಷ್ಟೇ.

ಗಾಡಿಯ ಎತ್ತರ ಹೆಚ್ಚಿಸುವ ಲಿಫ್ಟ್ ಕಿಟ್ ಹಾಕಿದವರು ಇದನ್ನು ಇನ್ನೂ ಗಮನವಿಟ್ಟು ಕೇಳಿ. 50 ಮಿಲಿಮೀಟರ್ ಎತ್ತಿದಿರಿ ಅಂದರೆ ನಿಮ್ಮ ಎಲ್ಲ ಆರ್ಮ್‌ಗಳ ಸೊನ್ನೆ ಹಳೆಯ ಎತ್ತರದಲ್ಲೇ ಉಳಿದಿದೆ. ಸ್ಪ್ರಿಂಗ್ ಬದಲಿಸುವಾಗ ಬಿಚ್ಚದೇ ಇದ್ದ ಬೋಲ್ಟ್‌ಗಳನ್ನೂ ಹೊಸ ಎತ್ತರದಲ್ಲಿ ಒಮ್ಮೆ ಸಡಿಲಿಸಿ, ಗಾಡಿಯನ್ನು ಮೇಲೆ ಕೆಳಗೆ ಅದುಮಿ, ಮತ್ತೆ ಬಿಗಿಯಬೇಕು. ಲಿಫ್ಟ್ ಮಾಡಿದ ಮೇಲೆ ಬುಶ್ ಬೇಗ ಹೋಗುತ್ತಿದೆ ಅನ್ನುವ ದೂರು ಬಂದಾಗಲೆಲ್ಲ ನಾನು ಕೇಳುವ ಮೊದಲ ಪ್ರಶ್ನೆ ಇದೇ. ಹೆಚ್ಚಿನ ಸಲ ಉತ್ತರ "ಇಲ್ಲ, ಅವನ್ನು ಮುಟ್ಟೇ ಇಲ್ಲ" ಅಂತ ಬರುತ್ತದೆ.

ರಬ್ಬರಿನ ಒಳಗುಟ್ಟು

ನನಗೆ ತುಂಬಾ ಇಷ್ಟವಾದ ಭಾಗ ಇದು. ಸ್ವಲ್ಪ ಹೊತ್ತು ಇಲ್ಲೇ ನಿಲ್ಲುತ್ತೇನೆ.

ಸಹಜ ರಬ್ಬರನ್ನು ಚೆನ್ನಾಗಿ ಎಳೆದರೆ ಅದರ ಎಳೆಗಳು ಸಾಲಾಗಿ ನಿಂತು ಹರಳುಗಟ್ಟುತ್ತವೆ. ಬಿಟ್ಟರೆ ಹರಳು ಕರಗಿ ಮತ್ತೆ ಮೊದಲಿನಂತಾಗುತ್ತದೆ. ಬಿರುಕಿನ ತುದಿಯಲ್ಲಿ ಎಳೆತ ಎಲ್ಲಕ್ಕಿಂತ ಜಾಸ್ತಿ ಅಲ್ವಾ? ಅಂದರೆ ಅಲ್ಲೇ ಹರಳುಗಟ್ಟುತ್ತದೆ. ಬಿರುಕು ಮುಂದೆ ಹೋಗಲು ನೋಡಿದಷ್ಟೂ ಅದರ ಎದುರಿನ ಜಾಗ ಗಟ್ಟಿಯಾಗುತ್ತದೆ. ಇಷ್ಟೊಂದು ಕೃತಕ ರಬ್ಬರ್‌ಗಳು ಬಂದ ಮೇಲೂ ಸಸ್ಪೆನ್ಷನ್ ಬುಶ್‌ಗೆ ಮರದ ಹಾಲಿನ ರಬ್ಬರೇ ಬೇಕು ಅನ್ನುವುದಕ್ಕೆ ಇದು ದೊಡ್ಡ ಕಾರಣ.

ಇನ್ನೂ ಒಂದು ವಿಷಯ. ಅಚ್ಚಿನಿಂದ ಬಿಸಿಯಾಗಿ ಹೊರಬಂದ ಬುಶ್ ತಣ್ಣಗಾಗುವಾಗ ರಬ್ಬರ್ ಉಕ್ಕಿಗಿಂತ ಹತ್ತು ಪಟ್ಟಿಗೂ ಜಾಸ್ತಿ ಕುಗ್ಗುತ್ತದೆ. ಆದರೆ ಎರಡೂ ಕಡೆ ಅಂಟಿಕೊಂಡಿದೆ, ಕುಗ್ಗಲು ಜಾಗ ಇಲ್ಲ. ಹಾಗಾಗಿ ಹುಟ್ಟುವಾಗಲೇ ರಬ್ಬರ್ ಎಳೆದುಕೊಂಡೇ ಇರುತ್ತದೆ. ಇದೇ ಸ್ಥಿತಿಯಲ್ಲಿ ಗಾಡಿಗೆ ಹಾಕಿದರೆ ಬೇಗ ಹರಿಯುತ್ತದೆ. ಅದಕ್ಕೇ ಒಳ್ಳೆಯ ತಯಾರಕರು ಬೇಯಿಸಿದ ಮೇಲೆ ಹೊರಗಿನ ಕೊಳವೆಯನ್ನು ಸುತ್ತಲಿಂದ ಅದುಮಿ ಸ್ವಲ್ಪ ಕಿರಿದು ಮಾಡುತ್ತಾರೆ. ಒಳಗಿನ ರಬ್ಬರ್ ಎಳೆತದಿಂದ ಒತ್ತಡಕ್ಕೆ ಬರುತ್ತದೆ. ಒತ್ತಡದಲ್ಲಿ ಇರುವ ರಬ್ಬರಿನಲ್ಲಿ ಬಿರುಕು ಬಾಯಿ ತೆರೆಯುವುದು ಕಷ್ಟ. ಕಣ್ಣಿಗೆ ಒಂದೇ ತರ ಕಾಣುವ ಎರಡು ಬುಶ್‌ಗಳ ಬಾಳಿಕೆಯಲ್ಲಿ ಇಷ್ಟೊಂದು ಅಂತರ ಇರುವುದು ಇಂಥ ಕಾಣದ ಕೆಲಸಗಳಿಂದ.

ಗಂಧಕದ ವಿಷಯವೂ ಹೀಗೇ. ರಬ್ಬರನ್ನು ಗಂಧಕದ ಜೊತೆ ಬಿಸಿ ಮಾಡಿದರೆ ಅದು ಜಿಗುಟು ಬಿಟ್ಟು ಗಟ್ಟಿಮುಟ್ಟಾಗುತ್ತದೆ ಅಂತ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡದ್ದು 1839ರಲ್ಲಿ. 1844ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತು. ಅಂದಿನಿಂದ ಇಂದಿನವರೆಗೂ ಒಂದು ಇಕ್ಕಟ್ಟು ಬಿಟ್ಟಿಲ್ಲ. ಗಂಧಕ ಜಾಸ್ತಿ ಇರುವ ಪಾಕದಲ್ಲಿ ರಬ್ಬರ್ ಲಕ್ಷಗಟ್ಟಲೆ ಸಲ ತಿರುಚಿದರೂ ತಡೆಯುತ್ತದೆ, ಆದರೆ ಬಿಸಿ ತಡೆಯುವುದಿಲ್ಲ. ಗಂಧಕ ಕಡಿಮೆ ಮಾಡಿ ಬೇರೆ ವೇಗವರ್ಧಕ ಹಾಕಿದರೆ ಬಿಸಿ ತಡೆಯುತ್ತದೆ, ತಿರುಚು ತಡೆಯುವುದು ಕಮ್ಮಿಯಾಗುತ್ತದೆ. ಆಫ್‌ರೋಡ್ ಗಾಡಿಗೆ ಎರಡೂ ಬೇಕು. ತಯಾರಕರು ಎಲ್ಲೋ ನಡುವೆ ನಿಲ್ಲುತ್ತಾರೆ.

ಅಲೆ ಅಲೆ ರಸ್ತೆ

ಬಿಸಿ ಎಲ್ಲಿಂದ ಬರುತ್ತದೆ? ಬಂಡೆ ಹತ್ತುವಾಗ ಬರುವುದಿಲ್ಲ. ಅಲ್ಲಿ ಗಾಡಿ ನಿಧಾನ. ತಿರುಚು ದೊಡ್ಡದು, ಆದರೆ ಎಣಿಕೆ ಕಡಿಮೆ. ಬಿಸಿ ಬರುವುದು ಅಲೆ ಅಲೆಯಾಗಿ ಏಳುವ ಮಣ್ಣಿನ ರಸ್ತೆಯಲ್ಲಿ. ಬಟ್ಟೆ ಒಗೆಯುವ ಹಲಗೆಯ ಹಾಗೆ ಉಬ್ಬು ತಗ್ಗು, ಉಬ್ಬು ತಗ್ಗು.

ಒಂದು ಅಲೆಗೆ 75 ಸೆಂಟಿಮೀಟರ್ ಅಂತಿಟ್ಟುಕೊಳ್ಳಿ. 60 ಕಿಲೋಮೀಟರ್ ದಾರಿಯಲ್ಲಿ 80,000 ಅಲೆಗಳು. ಪ್ರತಿ ಅಲೆಗೂ ಪ್ರತಿ ಬುಶ್ ಒಮ್ಮೆ ಅತ್ತಿತ್ತ. ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಹೋದರೆ ಸೆಕೆಂಡಿಗೆ ಸುಮಾರು 13 ಅಲೆ. ಚಕ್ರ ಮತ್ತು ಆಕ್ಸಲ್ ತಮ್ಮಷ್ಟಕ್ಕೆ ಕುಣಿಯುವ ಲಯವೂ ಹೆಚ್ಚಿನ ಗಾಡಿಗಳಲ್ಲಿ ಸೆಕೆಂಡಿಗೆ 10ರಿಂದ 15. ಎರಡೂ ತಾಳ ಕೂಡಿದರೆ ಚಕ್ರ ನೆಲ ಬಿಟ್ಟು ಕುಣಿಯುತ್ತದೆ. ಸ್ಟೀರಿಂಗ್ ಹಿಡಿದವರಿಗೆ ಈ ವೇಗ ಚೆನ್ನಾಗಿ ಗೊತ್ತು. ಡ್ಯಾಶ್‌ಬೋರ್ಡ್ ಕಳಚಿ ಬೀಳುತ್ತದೋ ಅನ್ನಿಸುವ ವೇಗ ಅದು.

ಹೀಗೆ ತಿರುಚಿದಾಗಲೆಲ್ಲ ರಬ್ಬರ್ ತಾನು ತಗೊಂಡ ಶಕ್ತಿಯನ್ನು ಪೂರ್ತಿ ವಾಪಸ್ ಕೊಡುವುದಿಲ್ಲ. ಸ್ವಲ್ಪ ಒಳಗೇ ಬಿಸಿಯಾಗಿ ಉಳಿಯುತ್ತದೆ. ಉಕ್ಕಿಗೆ ಹೋಲಿಸಿದರೆ ರಬ್ಬರ್ ಶಾಖ ಸಾಗಿಸುವುದು ನೂರಾರು ಪಟ್ಟು ಕಡಿಮೆ. ಒಳಗಿನ ಬಿಸಿ ಹೊರಗೆ ಬರಲು ದಾರಿ ಇಲ್ಲ. ಜೊತೆಗೆ ಶಾಕ್ ಅಬ್ಸಾರ್ಬರ್ ಬೇರೆ ಇದೆ. ಅದರ ಕೆಲಸವೇ ಕುಣಿತವನ್ನು ಬಿಸಿ ಮಾಡಿ ಕಳೆಯುವುದು. ಇಂಥ ರಸ್ತೆಯಲ್ಲಿ ಒಂದು ಗಂಟೆ ಓಡಿಸಿ ಶಾಕ್‌ನ ಮೈ ಮುಟ್ಟಿದರೆ ಕೈ ಸುಡುತ್ತದೆ. ದಯವಿಟ್ಟು ಬರಿಗೈಯಲ್ಲಿ ಮುಟ್ಟಬೇಡಿ. ಆ ಬಿಸಿ ನೇರ ಅದರ ತುದಿಯ ಬುಶ್‌ಗೆ ಇಳಿಯುತ್ತದೆ. ರಬ್ಬರ್ ಹಳಸುವುದು ಒಂದು ರಾಸಾಯನಿಕ ಕ್ರಿಯೆ. ಪ್ರತಿ 10 ಡಿಗ್ರಿ ಏರಿದರೆ ಅದರ ವೇಗ ಸುಮಾರು ಎರಡರಷ್ಟಾಗುತ್ತದೆ ಅನ್ನುವುದು ಎಲ್ಲರೂ ಬಳಸುವ ಅಂದಾಜು. ಸಹಜ ರಬ್ಬರ್ ದೀರ್ಘಕಾಲ ತಾಳುವುದು 70–80 ಡಿಗ್ರಿವರೆಗೆ ಮಾತ್ರ.

ಇದಕ್ಕೆ ಮದ್ದು ಬಹಳ ಸರಳ. ಟೈರಿನ ಗಾಳಿ ಇಳಿಸಿ. ಗಾಳಿ ಇಳಿದ ಟೈರು ಸಣ್ಣ ಅಲೆಯನ್ನು ತಾನೇ ನುಂಗುತ್ತದೆ, ಬುಶ್‌ವರೆಗೆ ಬರಲು ಬಿಡುವುದಿಲ್ಲ. ಗಾಳಿ ಇಳಿಸಿದ ಮೇಲೆ ವೇಗವೂ ತಗ್ಗಬೇಕು, ಇಲ್ಲದಿದ್ದರೆ ಟೈರ್ ಕಾಯುತ್ತದೆ. ನಡುನಡುವೆ ಗಾಡಿ ನಿಲ್ಲಿಸಿ ತಣ್ಣಗಾಗಲು ಬಿಡಿ. ಟಾರ್ ರಸ್ತೆಗೆ ಬಂದ ಮೇಲೆ ಗಾಳಿ ತುಂಬಿಸುವುದನ್ನು ಮರೆಯಬೇಡಿ. ಬುಶ್‌ನ ಬಾಳಿಕೆ ಹೆಚ್ಚಿಸಲು ನನಗೆ ಗೊತ್ತಿರುವ ಉಪಾಯಗಳಲ್ಲಿ ಬಿಡಿಭಾಗ ಯಾವುದೂ ಬೇಡದ ಉಪಾಯ ಇದು.

ಗಟ್ಟಿ ಬುಶ್ ಹಾಕಿದರೆ?

ಈಗ ಎಲ್ಲರೂ ಕೇಳುವ ಪ್ರಶ್ನೆ. ಪಾಲಿಯುರೆಥೇನ್ ಹಾಕಲಾ? ರಬ್ಬರಿಗಿಂತ ಗಟ್ಟಿಯಾದ ಕೃತಕ ವಸ್ತುವಿನ, ಹಳದಿ, ಕೆಂಪು, ನೀಲಿ ಬಣ್ಣದ ಬುಶ್‌ಗಳು. ಗಟ್ಟಿತನ ಹೇಳುವ ಶೋರ್ ಎ ಅಳತೆಯಲ್ಲಿ ಮಾಮೂಲಿ ರಬ್ಬರ್ ಬುಶ್ 50ರಿಂದ 70. ಪಾಲಿಯುರೆಥೇನ್ 80ರಿಂದ 95. ಎಣ್ಣೆ ಬಿದ್ದರೆ ರಬ್ಬರಿನಷ್ಟು ಉಬ್ಬುವುದಿಲ್ಲ, ಓಝೋನ್‌ಗೆ ಬಿರಿಯುವುದಿಲ್ಲ. ಪ್ರೆಸ್ ಇಲ್ಲದೆ ಕೈಯಲ್ಲೇ ಕೂರಿಸಬಹುದು. ಇದೆಲ್ಲ ನಿಜ.

ಆದರೆ ಅದು ಕೆಲಸ ಮಾಡುವ ರೀತಿಯೇ ಬೇರೆ. ಹೆಚ್ಚಿನ ಪಾಲಿಯುರೆಥೇನ್ ಬುಶ್‌ಗಳು ಕೊಳವೆಗೆ ಅಂಟಿರುವುದಿಲ್ಲ. ಕೊಳವೆಯ ಮೇಲೆ ಜಾರುತ್ತವೆ. ಹಾಗಾಗಿ ಸೊನ್ನೆಯ ಸಮಸ್ಯೆ ಇಲ್ಲ. ಬದಲಿಗೆ ಗ್ರೀಸ್ ಬೇಕು. ನೀರು ಕೆಸರು ದಾಟುವ ಗಾಡಿಯಲ್ಲಿ ಗ್ರೀಸ್ ತೊಳೆದುಹೋಗುತ್ತದೆ, ನುಣ್ಣನೆ ಮಣ್ಣು ಒಳಗೆ ಸೇರುತ್ತದೆ. ಅದು ಉಜ್ಜುಕಾಗದದ ಕೆಲಸ ಮಾಡುತ್ತದೆ. ಕಿರ್ ಕಿರ್ ಸದ್ದು ಶುರುವಾಯಿತು ಅಂದರೆ ಒಳಗೆ ಸವೆತ ನಡೆದಿದೆ. ಇನ್ನೊಂದು ವಿಷಯ, ಪಾಲಿಯೆಸ್ಟರ್ ಜಾತಿಯ ಪಾಲಿಯುರೆಥೇನ್ ನೀರಿನಲ್ಲಿ ನಿಧಾನವಾಗಿ ಒಡೆಯುತ್ತದೆ, ಪಾಲಿಈಥರ್ ಜಾತಿಯದು ತಡೆಯುತ್ತದೆ. ಹೊಳೆ ದಾಟುವವರು ಕೊಳ್ಳುವಾಗ ಇದನ್ನು ಕೇಳಿ.

ನನಗೆ ಇದಕ್ಕಿಂತ ಜಾಸ್ತಿ ಚಿಂತೆ ಇರುವುದು ಬೇರೆ ಕಡೆ. ಗಟ್ಟಿ ಆಕ್ಸಲ್ (ಎಡ ಬಲ ಚಕ್ರಗಳನ್ನು ಜೋಡಿಸುವ ಒಂದೇ ಇಡೀ ತುಂಡು) ಇರುವ ಕೆಲವು ಗಾಡಿಗಳಲ್ಲಿ, ಅದನ್ನು ಚಾಸಿಗೆ ಹಿಡಿದಿಡಲು ರೇಡಿಯಸ್ ಆರ್ಮ್ ಅಂತ ಇರುತ್ತದೆ. ಲ್ಯಾಂಡ್ ಕ್ರೂಸರ್ 80, ಹಳೆಯ ಲ್ಯಾಂಡ್ ರೋವರ್ ಡಿಫೆಂಡರ್‌ಗಳ ಮುಂಭಾಗ ನೋಡಿ. ಪ್ರತಿ ಆರ್ಮ್ ಆಕ್ಸಲ್‌ಗೆ ಎರಡು ಬೋಲ್ಟ್‌ಗಳಲ್ಲಿ ಹಿಡಿದಿರುತ್ತದೆ, ಚಾಸಿಗೆ ಒಂದೇ ಕಡೆ. ಒಂದು ಚಕ್ರ ಬಂಡೆಯ ಮೇಲೆ, ಇನ್ನೊಂದು ಗುಂಡಿಯಲ್ಲಿ ಅಂದುಕೊಳ್ಳಿ. ಎಡಗಡೆಯ ಆರ್ಮ್ ಆಕ್ಸಲನ್ನು ಒಂದು ದಿಕ್ಕಿಗೆ ತಿರುಗಿಸಲು ನೋಡುತ್ತದೆ, ಬಲಗಡೆಯದು ಇನ್ನೊಂದು ದಿಕ್ಕಿಗೆ. ಆಕ್ಸಲ್ ದಪ್ಪ ಉಕ್ಕಿನ ಕೊಳವೆ, ಅದು ತಿರುಚುವುದಿಲ್ಲ. ಹಾಗಾದರೆ ಬಗ್ಗುವವರು ಯಾರು? ಆ ಬೋಲ್ಟ್‌ಗಳ ಸುತ್ತಲಿನ ರಬ್ಬರ್ ಒಂದೇ. ಅದು ಬಗ್ಗುವುದರಿಂದಲೇ ಚಕ್ರ ಅಷ್ಟು ಕೆಳಗಿಳಿಯುತ್ತದೆ.

ಅಲ್ಲಿ ಗಟ್ಟಿ ಬುಶ್ ಹಾಕಿದರೆ ಆ ಒತ್ತಡ ಮಾಯವಾಗುವುದಿಲ್ಲ. ಜಾಗ ಬದಲಿಸುತ್ತದೆ. ಗೆಳೆಯರೊಬ್ಬರು ಹೀಗೆ ಹಾಕಿಸಿ ಬಹಳ ಸಂತೋಷದಲ್ಲಿದ್ದರು. ಟಾರ್ ರಸ್ತೆಯಲ್ಲಿ ಸ್ಟೀರಿಂಗ್ ಚುರುಕಾಯಿತು ಅಂದರು, ಅದು ನಿಜವೂ ಆಗಿತ್ತು. ಮುಂದೊಂದು ದಿನ ಗಾಡಿ ತೊಳೆಯುವಾಗ ಆಕ್ಸಲ್ ಬ್ರಾಕೆಟ್‌ನ ವೆಲ್ಡಿಂಗ್ ಅಂಚಿನಲ್ಲಿ ತುಕ್ಕಿನ ಒಂದು ತೆಳು ಗೆರೆ ಕಂಡಿತು. ಉಗುರಿನಲ್ಲಿ ಕೆರೆದರೆ ಉಗುರು ಸಿಕ್ಕಿಕೊಂಡಿತು. ಬಿರುಕು ಬಿಟ್ಟಿತ್ತು. ಬುಶ್ ಮಾತ್ರ ಹೊಸದರ ಹಾಗೇ ಇತ್ತು. ಬುಶ್ ಬದಲಿಸುವುದು ಒಂದು ಮಧ್ಯಾಹ್ನದ ಕೆಲಸ. ಬ್ರಾಕೆಟ್ ಹೋದರೆ ಕಾಡಿನ ನಡುವೆ ಆಕ್ಸಲ್ ಹಿಡಿದು ಕೂರಬೇಕು. ಹಾಗಾಗಿ ರೇಡಿಯಸ್ ಆರ್ಮ್‌ಗೆ ನಾನು ರಬ್ಬರನ್ನೇ ಹೇಳುತ್ತೇನೆ. ತಿರುವಿನಲ್ಲಿ ಗಾಡಿ ವಾಲುವುದನ್ನು ತಡೆಯುವ ಆ್ಯಂಟಿ ರೋಲ್ ಬಾರ್‌ನಂಥ ಕಡೆ ಪಾಲಿಯುರೆಥೇನ್ ಹಾಕಿ, ತೊಂದರೆ ಇಲ್ಲ. ಅಲ್ಲಿ ಚಲನೆ ಸರಳ.

ಕ್ಯಾಸ್ಟರ್ (ಸ್ಟೀರಿಂಗ್‌ಗೆ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಸರಿ ಮಾಡಲು ತೂತು ಪಕ್ಕಕ್ಕೆ ಸರಿದ ಬುಶ್ ಬರುತ್ತದಲ್ಲ, ಅದರ ಬಗ್ಗೆಯೂ ಒಂದು ಮಾತು. ಒಂದು ಕಡೆ ರಬ್ಬರ್ ದಪ್ಪ, ಇನ್ನೊಂದು ಕಡೆ ತೆಳು. ಅದೇ ತಿರುಚನ್ನು ತೆಳು ರಬ್ಬರ್ ತಡೆಯಬೇಕು ಅಂದರೆ ಎಳೆತ ಜಾಸ್ತಿ. 16 ಪಟ್ಟಿನ ಲೆಕ್ಕ ನೆನಪಿದೆಯಲ್ಲ. ಜಾಸ್ತಿ ಲಿಫ್ಟ್ ಮಾಡಿದ್ದರೆ ಬುಶ್ ಬದಲು ಆರ್ಮ್ ಅಥವಾ ಬ್ರಾಕೆಟ್ ಬದಲಿಸಿ ಕ್ಯಾಸ್ಟರ್ ಸರಿ ಮಾಡುವುದು ಒಳ್ಳೆಯದು.

ರಬ್ಬರ್ ಬದಲು ಉಕ್ಕಿನ ಗುಂಡು ಇರುವ ರಾಡ್ ಎಂಡ್‌ಗಳು ರೇಸ್ ಗಾಡಿಗೆ ಸರಿ. ಬಿಚ್ಚಿ ನೋಡಲು ಅಲ್ಲಿ ಜನ ಇರುತ್ತಾರೆ. ದಿನವೂ ಓಡುವ ಗಾಡಿಗೆ ಬೇಡ. ದ್ರವ ತುಂಬಿದ ಬುಶ್‌ಗಳೂ ಇವೆ, ನುಣ್ಣಗೆ ಓಡುತ್ತವೆ. ಆದರೆ ಒಮ್ಮೆ ಸೋರಿದರೆ ಮುಗಿಯಿತು.

ಸ್ಟ್ರಟ್‌ನ ತಲೆ

ಸ್ಟ್ರಟ್ ಇರುವ ಗಾಡಿಗಳ ಕಥೆ ಸ್ವಲ್ಪ ಬೇರೆ. ಅರ್ಲ್ ಮ್ಯಾಕ್‌ಫರ್ಸನ್ ಅನ್ನುವ ಅಮೆರಿಕದ ಎಂಜಿನಿಯರ್ ರೂಪಿಸಿದ ಈ ವ್ಯವಸ್ಥೆ 1950ರ ಹೊತ್ತಿಗೆ ಫೋರ್ಡ್ ಕಾನ್ಸಲ್‌ನಂಥ ಕಾರುಗಳಲ್ಲಿ ಬಂತು. ಶಾಕ್ ಮತ್ತು ಸ್ಪ್ರಿಂಗ್ ಒಂದೇ ಕಂಬದಲ್ಲಿ, ಆ ಕಂಬವೇ ಚಕ್ರವನ್ನೂ ನೇರ ಹಿಡಿಯುತ್ತದೆ. ಹಾಗಾಗಿ ಮೇಲಿನ ಟಾಪ್ ಮೌಂಟ್ ಬುಶ್ ಭಾರವನ್ನೂ ಹೊರಬೇಕು, ಪಕ್ಕದ ತಳ್ಳುವಿಕೆಯನ್ನೂ ತಡೆಯಬೇಕು, ಸ್ಟೀರಿಂಗ್ ತಿರುಗಿಸಿದಾಗ ಬೇರಿಂಗ್ ತಿರುಗಲು ಜಾಗವನ್ನೂ ಕೊಡಬೇಕು. ಬೇರಿಂಗ್‌ಗೆ ಕೆಸರು ಸೇರಿ ಹಿಡಿದುಕೊಂಡರೆ ಸ್ಟೀರಿಂಗ್‌ನ ತಿರುವೆಲ್ಲ ರಬ್ಬರಿನ ಮೇಲೆ ಬೀಳುತ್ತದೆ. ನಿಂತ ಗಾಡಿಯಲ್ಲಿ ಸ್ಟೀರಿಂಗ್ ತಿರುಗಿಸಿದಾಗ ಸ್ಪ್ರಿಂಗ್ "ಟಂಗ್" ಅಂತ ಜಿಗಿದ ಸದ್ದು ಬಂದರೆ ಮೊದಲು ಬೇರಿಂಗ್ ನೋಡಿ. ಬುಶ್ ಮಾತ್ರ ಬದಲಿಸಿ ಹಳೆಯ ಬೇರಿಂಗ್ ಬಿಟ್ಟರೆ ಹೊಸ ಬುಶ್ ಕೂಡ ಅದೇ ದಾರಿ ಹಿಡಿಯುತ್ತದೆ.

ಶಾಕ್‌ನ ತುದಿಯಲ್ಲಿ ಕಡ್ಡಿಯ ತರ ಥ್ರೆಡ್ ಇದ್ದು, ಮೇಲೊಂದು ಕೆಳಗೊಂದು ರಬ್ಬರ್ ಬಳೆ ಇರುವ ಬಗೆಯಲ್ಲಿ ತಪ್ಪು ಇನ್ನೊಂದು. ರಬ್ಬರ್ ಚಪ್ಪಟೆಯಾಗುವವರೆಗೆ ನಟ್ ಬಿಗಿಯುತ್ತಾರೆ. ರಬ್ಬರ್ ಉಬ್ಬಿ ವಾಷರ್‌ನ ಅಂಚಿನ ಮಟ್ಟಕ್ಕೆ ಬಂದರೆ ಸಾಮಾನ್ಯವಾಗಿ ಸಾಕು. ನಿಮ್ಮ ಗಾಡಿಯ ಮ್ಯಾನುವಲ್ ಬೇರೆ ಹೇಳಿದರೆ ಅದೇ ಸರಿ.

ಬಿಚ್ಚದೆ ನೋಡುವುದು, ಬಿಚ್ಚಿ ನೋಡುವುದು

ರಬ್ಬರಿನ ಮೇಲೆ ಸಣ್ಣ ಬಿರುಕು ಕಂಡ ಕೂಡಲೇ ಬದಲಿಸಬೇಡಿ. ಗಾಳಿಯ ಓಝೋನ್ ಮೇಲ್ಮೈಯನ್ನು ಬಿರಿಯಿಸುತ್ತದೆ, ಒಳಗೆ ಗಟ್ಟಿಯೇ ಇರುತ್ತದೆ. ನನ್ನ ಬಲಗಡೆಯ ಬುಶ್ ಹಾಗೇ ಇತ್ತು. ನೋಡಬೇಕಾದ್ದು ಒಳಗಿನ ಕೊಳವೆ ನಡುವಲ್ಲಿ ಇದೆಯಾ ಅಂತ. ಒಂದು ಕಡೆ ಸಂದಿ ದೊಡ್ಡದಾಗಿದ್ದರೆ ಸಣ್ಣ ಹಾರೆಕೋಲಿನಲ್ಲಿ ಮೀಟಿ. ಸ್ವಲ್ಪ ಕೊಟ್ಟು ವಾಪಸ್ ಬಂದರೆ ಸರಿ. ಸಡಿಲವಾಗಿ ಹೋಗಿ "ಟಕ್" ಅಂದರೆ ಬುಶ್ ಹೋಗಿದೆ. ಅಥವಾ ಒಬ್ಬರು ಒಳಗೆ ಕೂತು ನಿಧಾನಕ್ಕೆ ಒಂದು ಗಜ ಮುಂದೆ, ಒಂದು ಗಜ ಹಿಂದೆ ಓಡಿಸಿ ಬ್ರೇಕ್ ಒತ್ತಲಿ. ನೀವು ದೂರ, ಪಕ್ಕದಲ್ಲಿ ನಿಂತು ಚಕ್ರವನ್ನು ನೋಡಿ. ಬ್ರೇಕ್ ಒತ್ತಿದಾಗ ಚಕ್ರ ಕಮಾನಿನೊಳಗೆ ಹಿಂದೆ ಮುಂದೆ ಜಾರಿದರೆ ಗೊತ್ತಾಗುತ್ತದೆ.

ಬಿಚ್ಚಿದ ಮೇಲೆ ಹಳೆಯ ಬುಶ್ ಎಸೆಯಬೇಡಿ. ಗರಗಸದಲ್ಲಿ ಎರಡು ಹೋಳು ಮಾಡಿ ಉಕ್ಕಿನ ಮೈ ನೋಡಿ. ಉಕ್ಕಿನ ಮೇಲೆ ರಬ್ಬರ್ ಉಳಿದು, ರಬ್ಬರಿನ ನಡುವೆಯೇ ಹರಿದಿದ್ದರೆ ಅದು ದಣಿದು ಸತ್ತದ್ದು: ತಿರುಚು ಜಾಸ್ತಿ, ಇಲ್ಲ ಬಿಗಿದ ಜಾಗ ತಪ್ಪು. ಉಕ್ಕು ಹೊಳೆಯುತ್ತಾ ಬರಿಮೈ ಆಗಿದ್ದರೆ ಅಂಟು ಬಿಟ್ಟಿದೆ: ತಯಾರಿಕೆ ಸರಿ ಇಲ್ಲ. ಬರಿಮೈ ಜೊತೆಗೆ ಅಂಚಿನಿಂದ ಒಳಗೆ ತುಕ್ಕು ನುಗ್ಗಿದ್ದರೆ ಉಪ್ಪುನೀರಿನ ಕೆಲಸ. ಉಬ್ಬಿ ಮೆತ್ತಗೆ ಜಿಗುಟಾಗಿದ್ದರೆ ಮೇಲಿನಿಂದ ಎಣ್ಣೆ ತೊಟ್ಟಿಕ್ಕುತ್ತಿದೆ, ಸೋರುವ ಶಾಕ್ ಹುಡುಕಿ. ಗಟ್ಟಿಯಾಗಿ ಪುಡಿ ಪುಡಿ ಆಗುತ್ತಿದ್ದರೆ ಬಿಸಿಯಲ್ಲಿ ಬೆಂದಿದೆ. ಕಾರಣ ಸರಿ ಮಾಡದೆ ಹೊಸದು ಹಾಕಿದರೆ ಅದೂ ಅಷ್ಟೇ ದಿನ.

ಕೊನೆಗೆ ಕೆಲವರು ಪ್ರಶ್ನೆ ಕೇಳಿದರು. ಎರಡನ್ನು ಇಲ್ಲಿ ಕೊಡುತ್ತೇನೆ.

"ಹೊಸ ಬುಶ್ ಕೂರಿಸುವಾಗ ಗ್ರೀಸ್ ಹಚ್ಚಬಹುದಾ ಸರ್?" ರಬ್ಬರಿಗೆ ಮಾಮೂಲಿ ಗ್ರೀಸ್, ಎಂಜಿನ್ ಆಯಿಲ್ ಎರಡೂ ಬೇಡ. ಸಹಜ ರಬ್ಬರಿಗೆ ಖನಿಜ ಎಣ್ಣೆ ವಿಷ. ಸೋಪಿನ ನೀರು ಸಾಕು, ಒಣಗಿ ಹೋಗುತ್ತದೆ. ಪ್ರೆಸ್ ಮಾಡುವಾಗ ಹೊರಗಿನ ಕೊಳವೆಯ ಅಂಚಿಗೆ ಮಾತ್ರ ಒತ್ತಡ ಬೀಳಲಿ. ಒಳಗಿನ ಕೊಳವೆ ಹಿಡಿದು ಒತ್ತಿದರೆ ಗಾಡಿಗೆ ಹಾಕುವ ಮುಂಚೆಯೇ ಅಂಟು ಹರಿದಿರುತ್ತದೆ. ಬುಶ್ ಮೇಲೆ ಬಾಣದ ಗುರುತು ಅಥವಾ ರಬ್ಬರಿನಲ್ಲಿ ಖಾಲಿ ಕಿಂಡಿಗಳು ಇದ್ದರೆ, ಹಳೆಯದು ಯಾವ ದಿಕ್ಕಿಗಿತ್ತು ಅಂತ ಬಿಚ್ಚುವ ಮುಂಚೆ ಫೋಟೋ ತೆಗೆದಿಡಿ.

"ಬೋಲ್ಟ್ ಸಡಿಲವಾಗಿದೆ ಅಂತ ಮೊದಲೇ ತಿಳಿಯುವುದು ಹೇಗೆ?" ಇದನ್ನು ಕೇಳಿದ್ದು ಒಳ್ಳೆಯದಾಯಿತು, ನಾನೇ ಹೇಳಬೇಕಿತ್ತು. ಬೋಲ್ಟ್ ಸಡಿಲವಾದರೆ ಒಳಗಿನ ಕೊಳವೆ ಬ್ರಾಕೆಟ್‌ನಲ್ಲಿ ತಿರುಗಲು ಶುರುವಾಗುತ್ತದೆ, ದುಂಡಗಿನ ತೂತು ಮೊಟ್ಟೆಯ ಆಕಾರಕ್ಕೆ ಬರುತ್ತದೆ. ಆಮೇಲೆ ಎಂಥ ಬುಶ್ ಹಾಕಿದರೂ ನಿಲ್ಲುವುದಿಲ್ಲ. ಅದಕ್ಕೇ ಬಿಗಿದ ಮೇಲೆ ನಟ್‌ನಿಂದ ಬ್ರಾಕೆಟ್‌ಗೆ ಬಿಳಿ ಪೇಂಟ್‌ನಲ್ಲಿ ಒಂದು ಗೆರೆ ಎಳೆಯಿರಿ. ಒಳಗಿನ ಕೊಳವೆಯ ತುದಿ ಕಾಣುತ್ತಿದ್ದರೆ ಅಲ್ಲಿಂದ ಬ್ರಾಕೆಟ್‌ಗೆ ಇನ್ನೊಂದು ಗೆರೆ. ಮೊದಲ ಒರಟು ಪ್ರಯಾಣ ಮುಗಿದ ಸಂಜೆ ಟಾರ್ಚ್ ಹಿಡಿದು ಕೆಳಗೆ ಇಣುಕಿ. ಗೆರೆ ನೇರವಾಗಿದ್ದರೆ ಹಾಗೇ ಮುಂದೆ ಹೋಗಿ. ಮುರಿದಿದ್ದರೆ, ಗಾಡಿಯ ಭಾರ ಚಕ್ರದ ಮೇಲೆ ಇರುವಾಗಲೇ ಬೋಲ್ಟ್ ಸಡಿಲಿಸಿ, ಒಂದೇ ಸಲ ಬಳಸುವ ಬೋಲ್ಟ್ ಆಗಿದ್ದರೆ ಹೊಸದು ಹಾಕಿ, ಮತ್ತೆ ಬಿಗಿ ಮಾಡಿ, ಹಳೆಯ ಗೆರೆ ಒರೆಸಿ ಹೊಸದು ಎಳೆಯಿರಿ.